ಆಟದಿಂದ ಕಿತ್ತುಹಾಕಿದ ಹೆಲ್ತ್ ಡಬ್ಬಿಗಳು: ಏನಿತ್ತು, ಯಾಕೆ ಹೋಯಿತು, ಈಗ ಹೇಗೆ ಸಿಗುತ್ತದೆ

ಹಳೆಯ ವಿಡಿಯೋ ಗೇಮ್ ಒಂದರ ಬಗ್ಗೆ ಯಾವುದೋ ವಿಡಿಯೋ ನೋಡುತ್ತಿರುತ್ತೀರಿ. ಮಧ್ಯದಲ್ಲಿ ಒಂದು ಚಿಕ್ಕ ಚಿತ್ರ ಬಂದು ಹೋಗುತ್ತದೆ. ಆ ಆಟವನ್ನು ನೀವು ಹತ್ತು ಸಲ ಮುಗಿಸಿದ್ದೀರಿ, ಆದರೂ ಆ ವಸ್ತುವನ್ನು ಒಮ್ಮೆಯೂ ಕಂಡಿಲ್ಲ. "ಇದು ಮೊದಲ ಆವೃತ್ತಿಯಲ್ಲಿತ್ತು, ಆಮೇಲೆ ತೆಗೆದರು" ಎಂದು ಒಂದೇ ಮಾತಿನಲ್ಲಿ ಹೇಳಿ ವಿಡಿಯೋ ಮುಂದೆ ಓಡುತ್ತದೆ.

ತೆಗೆದರು ಅಂದ್ರೆ ಏನು? ಯಾಕೆ ತೆಗೆದರು? ತೆಗೆದ ಮೇಲೆ ಅದು ಇವರ ಕೈಗೆ ಹೇಗೆ ಸಿಕ್ಕಿತು? ಆಟಗಳನ್ನು ಆಡುವವರಿಗೂ ಇದೆಲ್ಲ ಸರಿಯಾಗಿ ಗೊತ್ತಿರುವುದಿಲ್ಲ. ಹಾಗಾಗಿ ಬುಡದಿಂದಲೇ ನೋಡೋಣ. ಉದಾಹರಣೆಗೆ ನಾನು ಹೆಲ್ತ್ ಪಿಕಪ್‌ಗಳನ್ನೇ ಆರಿಸಿಕೊಂಡಿದ್ದೇನೆ. ಅವು ಚಿಕ್ಕವು, ಅರ್ಥ ಮಾಡಿಕೊಳ್ಳಲು ಸುಲಭ. ಆದರೆ ಒಂದನ್ನು ಕಿತ್ತರೆ ಇಡೀ ಆಟವೇ ಅಲುಗಾಡುತ್ತದೆ.

ಹೆಲ್ತ್ ಪಿಕಪ್ ಅಂದ್ರೆ ಏನು

ಆಟದಲ್ಲಿ ನಿಮ್ಮ ಪಾತ್ರಕ್ಕೆ ಒಂದು ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ 100. ಗುಂಡು ಬಿದ್ದರೆ, ಮೇಲಿಂದ ಬಿದ್ದರೆ ಅದು ಇಳಿಯುತ್ತದೆ. ಸೊನ್ನೆಯಾದರೆ ಸಾವು. ಈ ಸಂಖ್ಯೆಯನ್ನು ಮತ್ತೆ ಏರಿಸಲು ದಾರಿಯಲ್ಲಿ ಬಿದ್ದಿರುವ ವಸ್ತುವೇ ಹೆಲ್ತ್ ಪಿಕಪ್. ಔಷಧಿ ಪೆಟ್ಟಿಗೆ, ಊಟದ ತಟ್ಟೆ, ಸೊಪ್ಪು, ಹೃದಯದ ಚಿತ್ರ, ಏನು ಬೇಕಾದರೂ ಆಗಬಹುದು. ಅದರ ಮೇಲೆ ನಡೆದರೆ ಸಾಕು, ಸಂಖ್ಯೆ ಏರುತ್ತದೆ.

ನಮಗೆ ಅದು ಒಂದು ವಸ್ತು. ಆಟದ ಒಳಗೆ ಮಾತ್ರ ಅದು ನಾಲ್ಕೈದು ತುಂಡುಗಳು: ಒಂದು ಚಿತ್ರ, ಎತ್ತಿಕೊಂಡಾಗ ಬರುವ ಸದ್ದು, ಪರದೆಯ ಮೇಲೆ ಮೂಡುವ ಸಾಲು, "ಇಷ್ಟು ಏರಿಸು" ಎನ್ನುವ ಕೋಡ್, ಮತ್ತೆ ಯಾವ ಹಂತದಲ್ಲಿ ಯಾವ ಮೂಲೆಯಲ್ಲಿ ಇದನ್ನು ಇಡಬೇಕು ಎನ್ನುವ ಪಟ್ಟಿ. ಇವು ಬೇರೆ ಬೇರೆ ಕಡೆ ಕುಳಿತಿರುತ್ತವೆ. ಕೊನೆಯದನ್ನು ಅಳಿಸಿದರೆ ಸಾಕು, ಆಟಗಾರನ ಪಾಲಿಗೆ ಆ ವಸ್ತು ಇಲ್ಲ. ಉಳಿದ ನಾಲ್ಕು ತುಂಡುಗಳು ಒಳಗೇ ಉಳಿದಿರಬಹುದು. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಬಿಲ್ಡ್, ಆಲ್ಫಾ, ಬೀಟಾ

ಆಟ ತಯಾರಾಗುತ್ತಿರುವಾಗ ಆಗಾಗ "ಇಲ್ಲಿಯವರೆಗೆ ಆದದ್ದನ್ನು ಓಡಿಸಿ ನೋಡೋಣ" ಎಂದು ಒಂದು ಪ್ರತಿ ಮಾಡುತ್ತಾರೆ. ಅದೇ ಬಿಲ್ಡ್. ಆಲ್ಫಾ ಅಂದರೆ ಸುಮಾರಾಗಿ ಆಡಬಹುದಾದ, ಆದರೆ ಅರ್ಧಂಬರ್ಧ ಇರುವ ಬಿಲ್ಡ್. ಬೀಟಾ ಅಂದರೆ ಹೆಚ್ಚುಕಡಿಮೆ ಎಲ್ಲವೂ ಬಂದಿದೆ, ದೋಷ ಸರಿಪಡಿಸುವುದು ಬಾಕಿ. ಈ ಹೆಸರುಗಳನ್ನು ಒಬ್ಬೊಬ್ಬರು ಒಂದೊಂದು ರೀತಿ ಬಳಸುತ್ತಾರೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮನೆ ಕಟ್ಟುವಾಗ ಗೋಡೆ ಎದ್ದಿದೆ, ಬಣ್ಣ ಆಗಿಲ್ಲ ಅನ್ನುತ್ತೇವಲ್ಲ, ಹಾಗೆ.

ಡೂಮ್: ಅಂಕ ಹೋಯಿತು, ಜೀವ ಹೋಯಿತು, ಹೆಲ್ತ್ ಉಳಿಯಿತು

ಇದಕ್ಕೆ 1993ರ ಡೂಮ್ ಎಂಬ ಗುಂಡು ಹಾರಿಸುವ ಆಟಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಡೂಮ್ ಮಾಡಿದ ಇಡ್ ಸಾಫ್ಟ್‌ವೇರ್ ತಂಡ ಅದಕ್ಕೆ ಮುಂಚೆ 1992ರಲ್ಲಿ ವುಲ್ಫೆನ್‌ಸ್ಟೈನ್ 3ಡಿ ಎಂಬ ಆಟ ಮಾಡಿತ್ತು. ಅದರಲ್ಲಿ ನಾಯಿಯ ಆಹಾರ ತಿಂದರೆ 4, ಊಟದ ತಟ್ಟೆಗೆ 10, ಔಷಧಿ ಪೆಟ್ಟಿಗೆಗೆ 25 ಹೆಲ್ತ್. ಜೊತೆಗೆ ನಿಧಿಯೂ ಇತ್ತು: ಶಿಲುಬೆ, ಬಟ್ಟಲು, ಪೆಟ್ಟಿಗೆ, ಕಿರೀಟ. ಇವುಗಳಿಂದ ಹೆಲ್ತ್ ಬರುತ್ತಿರಲಿಲ್ಲ, ಅಂಕ ಬರುತ್ತಿತ್ತು. 40,000 ಅಂಕ ಆದರೆ ಒಂದು ಹೆಚ್ಚುವರಿ ಜೀವ. ಇದಲ್ಲದೆ ನಾಯಕನ ಮುಖವಿರುವ ಒಂದು ನೀಲಿ ಗೋಳ ಸಿಕ್ಕರೆ ನೇರವಾಗಿ ಒಂದು ಜೀವ, ಪೂರ್ತಿ ಹೆಲ್ತ್.

ಅಂದರೆ ಅಂಕದಿಂದ ಜೀವ, ಜೀವದಿಂದ ಇನ್ನೊಂದು ಅವಕಾಶ. ಇದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಲೆಕ್ಕ. ಅಲ್ಲಿ ಜೀವ ಮುಗಿದರೆ ಇನ್ನೊಂದು ನಾಣ್ಯ ಹಾಕಬೇಕು, ಅದಕ್ಕೇ ಜೀವಕ್ಕೆ ಬೆಲೆ. ಆದರೆ ಮನೆಯ ಕಂಪ್ಯೂಟರಿನಲ್ಲಿ ಎಲ್ಲಿ ಬೇಕಾದರೂ ಆಟವನ್ನು ಸೇವ್ ಮಾಡಬಹುದು. ಸತ್ತರೆ ಐದು ನಿಮಿಷ ಹಿಂದಿನದನ್ನು ತೆರೆದರಾಯಿತು. ಮೂರು ಜೀವ ಇದ್ದರೇನು, ಮೂವತ್ತು ಇದ್ದರೇನು?

ಡೂಮ್ ಶುರುವಾದಾಗ ಈ ಹಳೆಯ ಲೆಕ್ಕ ಇನ್ನೂ ಜೊತೆಯಲ್ಲೇ ಬಂದಿತ್ತು. 1993ರ ಅಕ್ಟೋಬರ್ 4ರಂದು ಪತ್ರಿಕೆಗಳವರಿಗಾಗಿ ಒಂದು ಬಿಲ್ಡ್ ಮಾಡಿದರು. ಅದು ಈಗಲೂ ಸಿಗುತ್ತದೆ. ಅದರಲ್ಲಿ ಅಂಕ ಕೊಡುವ ನಾಲ್ಕು ವಸ್ತುಗಳಿವೆ: ದೆವ್ವದ ಕಠಾರಿ, ಬುರುಡೆಯ ಪೆಟ್ಟಿಗೆ, ದುಷ್ಟ ರಾಜದಂಡ, ಅಪವಿತ್ರ ಬೈಬಲ್. ಸೋಲ್ ಸ್ಫಿಯರ್ ಎಂಬ ನೀಲಿ ಗೋಳವೂ ಇದೆ, ಎತ್ತಿಕೊಂಡರೆ ಒಂದು ಹೆಚ್ಚುವರಿ ಜೀವ. ನೀಲಿ ಗೋಳ, ಒಳಗೊಂದು ಮುಖ. ವುಲ್ಫೆನ್‌ಸ್ಟೈನ್‌ನ ಗೋಳದ ತಮ್ಮ ಅನ್ನಬಹುದು.

ಅದೇ ವರ್ಷ ಡಿಸೆಂಬರ್ 10ಕ್ಕೆ ಆಟ ಹೊರಬಂತು. ನಡುವೆ ಇದ್ದದ್ದು ಎರಡು ತಿಂಗಳು ಮತ್ತು ಆರು ದಿನ ಅಷ್ಟೆ. ಅಷ್ಟರಲ್ಲಿ ಅಂಕವೂ ಇಲ್ಲ, ಜೀವಗಳೂ ಇಲ್ಲ. ಸತ್ತರೆ ಅದೇ ಹಂತ ಮೊದಲಿನಿಂದ, ಕೈಯಲ್ಲಿ ಒಂದು ಪಿಸ್ತೂಲು, 50 ಗುಂಡು, 100 ಹೆಲ್ತ್.

ಹಾಗಾದರೆ ಆ ವಸ್ತುಗಳ ಗತಿ ಏನಾಯಿತು? ಕಥೆಯ ರುಚಿ ಇರುವುದು ಇಲ್ಲೇ. ಸೋಲ್ ಸ್ಫಿಯರ್ ಹೋಗಲಿಲ್ಲ, ಕೆಲಸ ಬದಲಿಸಿತು. ಜೀವದ ಬದಲು 100 ಹೆಲ್ತ್ ಕೊಡುತ್ತದೆ, 200ರವರೆಗೆ ಏರಿಸುತ್ತದೆ. ಕಠಾರಿ ಮತ್ತು ಬುರುಡೆ ಪೆಟ್ಟಿಗೆಯ ಜಾಗಕ್ಕೆ ಒಂದು ನೀಲಿ ಸೀಸೆ ಮತ್ತು ಒಂದು ಶಿರಸ್ತ್ರಾಣ ಬಂದವು. ಸೀಸೆ 1 ಹೆಲ್ತ್ ಕೊಡುತ್ತದೆ, ಶಿರಸ್ತ್ರಾಣ 1 ಕವಚ. ರಾಜದಂಡಕ್ಕೂ ಬೈಬಲ್‌ಗೂ ಬದಲಿ ಬರಲೇ ಇಲ್ಲ.

ಗುರುತು ಮಾತ್ರ ಉಳಿಯಿತು. ಡೂಮ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರ್ ಇದೆ, ಮನೆಗಳಿಗೆ ಬಾಗಿಲ ನಂಬರ್ ಇದ್ದ ಹಾಗೆ. ನೀಲಿ ಸೀಸೆ 2014, ಶಿರಸ್ತ್ರಾಣ 2015. ಮುಂದಿನದು ಹಸಿರು ಕವಚ, ಅದರ ನಂಬರ್ 2018. ನಡುವಿನ 2016, 2017 ಖಾಲಿ. ರಾಜದಂಡ ಮತ್ತು ಬೈಬಲ್ ವಾಸವಿದ್ದ ಮನೆಗಳು ಅವು.

ಇನ್ನೂ ಒಂದು. ಒಂದು ಹಂತ ಮುಗಿದಾಗ ಡೂಮ್ "ಇಷ್ಟು ಶೇಕಡಾ ವಸ್ತುಗಳನ್ನು ಎತ್ತಿದಿರಿ" ಎಂದು ಲೆಕ್ಕ ತೋರಿಸುತ್ತದೆ. ಆ ಲೆಕ್ಕದಲ್ಲಿ 1 ಹೆಲ್ತ್ ಕೊಡುವ ಪುಟಾಣಿ ಸೀಸೆ ಸೇರುತ್ತದೆ, 25 ಕೊಡುವ ದೊಡ್ಡ ಮೆಡಿಕಿಟ್, ಅಂದರೆ ಔಷಧಿ ಪೆಟ್ಟಿಗೆ, ಸೇರುವುದಿಲ್ಲ! ವಿಚಿತ್ರ ಅನಿಸುತ್ತದೆ, ಅಲ್ವಾ? ಸೀಸೆ ಕುಳಿತಿರುವುದು ನಿಧಿಯ ಜಾಗದಲ್ಲಿ ಎಂದು ಗೊತ್ತಾದರೆ ವಿಚಿತ್ರ ಅನಿಸುವುದಿಲ್ಲ. ವುಲ್ಫೆನ್‌ಸ್ಟೈನ್ ಹಂತದ ಕೊನೆಗೆ ನಿಧಿಯ ಶೇಕಡಾವಾರು ತೋರಿಸುತ್ತಿತ್ತು. ಡೂಮ್‌ನ ಲೆಕ್ಕ ಅದರ ಮುಂದುವರಿಕೆ. ಔಷಧಿ ಪೆಟ್ಟಿಗೆ ಯಾವತ್ತೂ ನಿಧಿ ಆಗಿರಲಿಲ್ಲ.

ಒಂದೇ ಒಂದು ಹೆಲ್ತ್ ಕೊಡುವ ಸೀಸೆ ಯಾಕೆ ಬೇಕಿತ್ತು ಎಂದು ಕೇಳಬಹುದು. ಮೆಡಿಕಿಟ್ 100ರ ಮೇಲೆ ಏರಿಸುವುದಿಲ್ಲ. ನಿಮಗೆ ಆಗಲೇ 100 ಇದ್ದರೆ ಅದನ್ನು ಎತ್ತಲೂ ಆಗುವುದಿಲ್ಲ, ನೆಲದಲ್ಲೇ ಉಳಿಯುತ್ತದೆ. ಸೀಸೆ ಮಾತ್ರ 200ರವರೆಗೆ ಏರಿಸುತ್ತಲೇ ಹೋಗುತ್ತದೆ. ಹಾಗಾಗಿ ಗಾಯ ಆಗಿರಲಿ ಬಿಡಲಿ, ಕಂಡರೆ ಎತ್ತಬೇಕು ಅನಿಸುತ್ತದೆ. ಸಾಲಾಗಿ ಐದು ಸೀಸೆ ಇಟ್ಟರೆ ಆಟಗಾರ ಆ ದಾರಿಯಲ್ಲೇ ನಡೆಯುತ್ತಾನೆ. ನಿಧಿ ಮಾಡುತ್ತಿದ್ದ ಕೆಲಸವೂ ಇದೇ: ಆಟಗಾರನನ್ನು ಮೂಲೆಮೂಲೆಗೆ ಎಳೆಯುವುದು. ಅಂಕ ಹೋದರೂ ಎಳೆತ ಹೋಗಲಿಲ್ಲ.

ಯಾಕೆ ತೆಗೆಯುತ್ತಾರೆ

ಡೂಮ್‌ನಲ್ಲಿ ಕಂಡದ್ದು ಒಂದು ಕಾರಣ: ಆಟದ ನಿಯಮವೇ ಬದಲಾದರೆ ಅದಕ್ಕೆ ಅಂಟಿಕೊಂಡ ವಸ್ತುವಿಗೆ ಕೆಲಸ ಇರುವುದಿಲ್ಲ.

ಇದರ ದೊಡ್ಡ ರೂಪ 2000ದ ನಂತರ ಬಂತು. 2001ರ ಮೊದಲ ಹೇಲೋ ಆಟದಲ್ಲಿ ಎರಡು ಪದರ ಇತ್ತು. ಮೇಲಿನ ಶೀಲ್ಡ್ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ತಾನಾಗಿ ತುಂಬಿಕೊಳ್ಳುತ್ತಿತ್ತು. ಒಳಗಿನ ಹೆಲ್ತ್‌ಗೆ ಪೆಟ್ಟಿಗೆ ಹುಡುಕಲೇಬೇಕಿತ್ತು. 2004ರ ಹೇಲೋ 2ರಲ್ಲಿ ಪೆಟ್ಟಿಗೆಗಳೇ ಇಲ್ಲ. 2003ರ ಮೊದಲ ಕಾಲ್ ಆಫ್ ಡ್ಯೂಟಿಯಲ್ಲಿ ಪೆಟ್ಟಿಗೆ ಇತ್ತು, 2005ರ ಎರಡನೆಯದರಲ್ಲಿ ಇಲ್ಲ, ಮರೆಯಲ್ಲಿ ನಿಂತರೆ ಸಾಕು. ಆಮೇಲೆ ಎಷ್ಟೋ ಆಟಗಳು ಇದೇ ದಾರಿ ಹಿಡಿದವು. ಪೆಟ್ಟಿಗೆ ಇದ್ದಾಗ ಆಟಗಾರ ಸಾಯುವ ಸ್ಥಿತಿಯಲ್ಲೂ ಮುಂದಕ್ಕೆ ನುಗ್ಗಿ ಹುಡುಕಬೇಕು. ಪೆಟ್ಟಿಗೆ ಇಲ್ಲದಿದ್ದಾಗ ಹಿಂದಕ್ಕೆ ಸರಿದು ಕಾಯಬೇಕು. ಹಂತ ಕಟ್ಟುವವರ ಕೆಲಸವೂ ತಿರುಗಾಮುರುಗ ಆಗುತ್ತದೆ: ಮೊದಲು "ಇಲ್ಲಿಗೆ ಬರುವಾಗ ಇವನಿಗೆ ಎಷ್ಟು ಹೆಲ್ತ್ ಉಳಿದಿರಬಹುದು" ಎಂದು ಊಹಿಸಬೇಕಿತ್ತು, ಈಗ ಪ್ರತಿ ಕಾಳಗಕ್ಕೂ ಎಲ್ಲರೂ ಪೂರ್ತಿ ಹೆಲ್ತ್‌ನಲ್ಲೇ ಬರುತ್ತಾರೆ ಎಂದು ಇಟ್ಟುಕೊಳ್ಳಬಹುದು. ಯಾವುದು ಒಳ್ಳೆಯದು ಎಂಬ ಜಗಳ ಇನ್ನೂ ಮುಗಿದಿಲ್ಲ. ಹೇಲೋ ಸರಣಿಯೇ 2009ರ ಓಡಿಎಸ್‌ಟಿ ಆಟದಲ್ಲಿ ಪೆಟ್ಟಿಗೆಗಳನ್ನು ವಾಪಸ್ ತಂದಿತು.

ಎರಡನೆಯ ಕಾರಣ ಆಡಿಸಿ ನೋಡುವುದು. ಹೊರಗಿನವರನ್ನು ಕೂರಿಸಿ ಆಡಿಸುತ್ತಾರೆ, ತಯಾರಕರು ಹಿಂದೆ ಬಾಯಿ ಮುಚ್ಚಿಕೊಂಡು ನೋಡುತ್ತಾರೆ. 1998ರ ಹಾಫ್-ಲೈಫ್ ಮಾಡಿದ ವಾಲ್ವ್‌ನವರು ಬರೆದಿರುವಂತೆ, ಎರಡು ಗಂಟೆಯ ಇಂಥ ಒಂದು ಕೂಟದಿಂದ ಸರಿಪಡಿಸಬೇಕಾದ, ಸೇರಿಸಬೇಕಾದ, ಕಿತ್ತುಹಾಕಬೇಕಾದ ಸಂಗತಿಗಳು ಸುಮಾರು 100 ಸಿಗುತ್ತಿದ್ದವು. ಹೆಲ್ತ್ ಜಾಸ್ತಿ ಆದರೆ ಭಯವೇ ಇರುವುದಿಲ್ಲ, ಕಡಿಮೆ ಆದರೆ ಆಟಗಾರ ಎದ್ದು ಹೋಗುತ್ತಾನೆ. ಹಾಗಾಗಿ ಹೆಲ್ತ್ ಡಬ್ಬಿ ಅಂದರೆ ಅಡುಗೆಗೆ ಉಪ್ಪು ಇದ್ದ ಹಾಗೆ, ಕೊನೆಯವರೆಗೂ ಕೈ ಅದರ ಮೇಲೇ ಇರುತ್ತದೆ.

ಮೂರನೆಯದು ಹೊರಗಿನ ಒತ್ತಡ. 2008ರಲ್ಲಿ ಫಾಲ್ಔಟ್ 3 ಬಿಡುಗಡೆಗೆ ಮುಂಚೆ ಆಸ್ಟ್ರೇಲಿಯಾದ ವರ್ಗೀಕರಣ ಮಂಡಳಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಆಟದಲ್ಲಿ ಮಾರ್ಫಿನ್ ಎಂಬ ನಿಜವಾದ ಮಾದಕ ಔಷಧಿಯ ಹೆಸರಿತ್ತು, ಅದನ್ನು ತೆಗೆದುಕೊಂಡರೆ ಲಾಭವೂ ಆಗುತ್ತಿತ್ತು. ಕೊನೆಗೆ ಅದು ಮೆಡ್-ಎಕ್ಸ್ ಆಯಿತು, ಆಸ್ಟ್ರೇಲಿಯಾಕ್ಕೆ ಮಾತ್ರ ಅಲ್ಲ, ಎಲ್ಲ ಕಡೆಗೂ. ವಸ್ತು ಅದೇ, ಹೆಸರು ಬೇರೆ.

ಚಿತ್ರವೇ ತಕರಾರಾದದ್ದೂ ಇದೆ. ಬಿಳಿಯ ಮೇಲೆ ಕೆಂಪು ಶಿಲುಬೆ ಅಂದರೆ ಔಷಧಿ ಎಂದು ಆಟಗಾರರೆಲ್ಲ ಕಲಿತುಬಿಟ್ಟಿದ್ದಾರೆ. ಆದರೆ ಅದು ಯಾರು ಬೇಕಾದರೂ ಬಳಸುವ ಚಿಹ್ನೆ ಅಲ್ಲ. ಯುದ್ಧಭೂಮಿಯಲ್ಲಿ "ಇವರ ಮೇಲೆ ಗುಂಡು ಹಾರಿಸಬೇಡಿ" ಎಂದು ಹೇಳುವ ಗುರುತು ಅದು, ಜಿನೀವಾ ಒಪ್ಪಂದಗಳು ಅದನ್ನು ಕಾಯುತ್ತವೆ. ಕೆನಡಾದ ರೆಡ್ ಕ್ರಾಸ್ 2006ರಲ್ಲಿ ಆಟ ಮಾಡುವವರಿಗೆ ಇದನ್ನು ಬಳಸಬೇಡಿ ಎಂದು ಕೇಳಿಕೊಂಡಿತು. 2017ರಲ್ಲಿ ಪ್ರಿಸನ್ ಆರ್ಕಿಟೆಕ್ಟ್ ಎಂಬ ಆಟದಲ್ಲಿ ಕೆಲವೇ ಪಿಕ್ಸೆಲ್ ಅಗಲದ ಕೆಂಪು ಶಿಲುಬೆಯನ್ನು ಬ್ರಿಟಿಷ್ ರೆಡ್ ಕ್ರಾಸ್ ಸೂಚನೆಯ ಮೇಲೆ ಹಸಿರು ಮಾಡಬೇಕಾಯಿತು. ಡೂಮ್‌ನ 2012ರ ಮರುಬಿಡುಗಡೆಯಲ್ಲೂ ಪೆಟ್ಟಿಗೆಯ ಮೇಲೆ ಶಿಲುಬೆ ಹೋಗಿ ಮಾತ್ರೆಯ ಚಿತ್ರ ಬಂದಿದೆ. ಹಳೆಯ ಪ್ರತಿ ಆಡಿದವರಿಗೆ ಅದು ಕಣ್ಣಿಗೆ ಚುಚ್ಚುತ್ತದೆ.

ತೆಗೆದ ಮೇಲೂ ಒಳಗೆ ಯಾಕೆ ಉಳಿಯುತ್ತದೆ

ಕೆಲವು ಮನೆಗಳ ಸ್ವಿಚ್ ಬೋರ್ಡಿನಲ್ಲಿ ಒಂದು ಸ್ವಿಚ್ ಇರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಹಿಂದೆ ಯಾವುದೋ ದೀಪಕ್ಕಿತ್ತು. ದೀಪ ತೆಗೆದರು, ಸ್ವಿಚ್ ಬಿಟ್ಟರು, ಯಾಕೆಂದರೆ ಅದಕ್ಕಾಗಿ ಗೋಡೆ ಒಡೆಯುವುದು ಯಾರಿಗೂ ಬೇಕಿರಲಿಲ್ಲ.

ಹಾಫ್-ಲೈಫ್‌ನಲ್ಲಿ ಇಂಥದೇ ಒಂದು ಸ್ವಿಚ್ ಇದೆ. ಹೊಸ ಹಂತಗಳನ್ನು ಕಟ್ಟಿಕೊಳ್ಳುವವರಿಗಾಗಿ ವಾಲ್ವ್ ಆ ಆಟದ ಕೋಡ್‌ನ ಒಂದು ಭಾಗವನ್ನು ಹೊರಗೆ ಬಿಟ್ಟಿತ್ತು. ಅದರಲ್ಲಿ ಆಂಟಿಡೋಟ್, ಅಂದರೆ ವಿಷಕ್ಕೆ ಮದ್ದು, ಎಂಬ ವಸ್ತು ಇದೆ. ಎತ್ತಿಕೊಂಡರೆ ಜೇಬಿನ ಲೆಕ್ಕ ಒಂದು ಏರುತ್ತದೆ. ವಿಷವೋ ವಿಷಾನಿಲವೋ ತಗುಲಿದಾಗ ಕೋಡ್ ಆ ಲೆಕ್ಕ ನೋಡಿ, ಮದ್ದು ಇದ್ದರೆ ಒಂದನ್ನು ಖರ್ಚು ಮಾಡಿ ವಿಷವನ್ನು ಇಳಿಸುತ್ತದೆ. ಪೂರ್ತಿ ಬರೆದಿಟ್ಟ ಕೋಡ್. ಆದರೆ ಆಟ ಆಡುವಾಗ ಆ ಮದ್ದು ಎಲ್ಲೂ ಎದುರಾಗುವುದಿಲ್ಲ. ಅಂದರೆ ನೀವು ಆಡುವಾಗ ವಿಷ ತಗುಲಿದ ಪ್ರತಿ ಸಲವೂ ಆಟ ಒಳಗೊಳಗೇ ಇಲ್ಲದ ಜೇಬನ್ನು ತಡಕುತ್ತಿರುತ್ತದೆ.

ಇದನ್ನೆಲ್ಲ ಅಳಿಸಿಬಿಡಬಹುದಲ್ಲ? ಅಳಿಸಬಹುದು, ಆದರೆ ಭಯ. ಆ ವಸ್ತುವಿನ ಹೆಸರನ್ನು ಇನ್ನೆಲ್ಲಿ ಬರೆದಿದ್ದಾರೋ ಗೊತ್ತಿಲ್ಲ. ಪಟ್ಟಿಯಿಂದ ಒಂದು ಸಾಲು ಕಿತ್ತರೆ ಕೆಳಗಿನ ನಂಬರುಗಳೆಲ್ಲ ಒಂದೊಂದು ಮೇಲೆ ಸರಿದು, ಔಷಧಿ ಇರಬೇಕಾದಲ್ಲಿ ಗುಂಡಿನ ಪೆಟ್ಟಿಗೆ ಬಂದು ಕೂರಬಹುದು. ಬಿಡುಗಡೆಗೆ ಎರಡು ವಾರ ಇರುವಾಗ ಯಾರು ಕೈ ಹಾಕುತ್ತಾರೆ? ಮ್ಯಾಪ್‌ನಿಂದ, ಅಂದರೆ ಹಂತದ ನಕ್ಷೆಯಿಂದ, ವಸ್ತುವನ್ನು ಎತ್ತಿ, ಉಳಿದದ್ದನ್ನು ಹಾಗೇ ಬಿಡುವುದು ಸುಲಭ.

ಸುಲಭ ಅಂದ ಮಾತ್ರಕ್ಕೆ ಯಾವಾಗಲೂ ಕ್ಷೇಮ ಅಲ್ಲ. ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟದಲ್ಲಿ ಕೈಬಿಟ್ಟಿದ್ದ ಒಂದು ಲೈಂಗಿಕ ದೃಶ್ಯದ ಕೋಡ್ ಡಿಸ್ಕ್‌ನಲ್ಲೇ ಉಳಿದಿತ್ತು. 2005ರಲ್ಲಿ ಆಟಗಾರರು ಅದನ್ನು ತೆರೆದರು. ಅಮೆರಿಕದಲ್ಲಿ ಆಟದ ರೇಟಿಂಗ್ ವಯಸ್ಕರಿಗೆ ಮಾತ್ರ ಎಂದು ಬದಲಾಯಿತು, ಎಷ್ಟೋ ಅಂಗಡಿಗಳು ಅದನ್ನು ಮಾರುವುದನ್ನೇ ನಿಲ್ಲಿಸಿದವು. ಔಷಧಿ ಸೀಸೆ ಉಳಿದರೆ ಯಾರಿಗೂ ತೊಂದರೆ ಇಲ್ಲ, ಅದಕ್ಕೇ ಅವು ಇಷ್ಟೊಂದು ಉಳಿದಿವೆ.

ಹುಡುಕುವುದು ಹೇಗೆ

ಮೂರು ದಾರಿ. ಮೊದಲನೆಯದು, ಮಾರಾಟವಾದ ಆಟದ ಫೈಲುಗಳನ್ನೇ ಬಿಚ್ಚುವುದು. ಡೂಮ್‌ನ ಚಿತ್ರ, ಸದ್ದು, ಮ್ಯಾಪ್ ಎಲ್ಲವೂ ವ್ಯಾಡ್ ಎಂಬ ಒಂದೇ ಮೂಟೆಯಲ್ಲಿವೆ. ಅದನ್ನು ತೆರೆಯುವ ಉಪಕರಣಗಳು ಬಹಳ ಹಿಂದೆಯೇ ಬಂದಿವೆ. ತೆರೆದು, ಒಳಗಿರುವ ಒಂದೊಂದು ಚಿತ್ರವೂ ಆಟದಲ್ಲಿ ಎಲ್ಲಿ ಬರುತ್ತದೆ ಎಂದು ತಾಳೆ ನೋಡಬೇಕು. ತಾಳೆ ಆಗದೆ ಉಳಿದದ್ದು ಅನುಮಾನದ ವಸ್ತು.

ಎರಡನೆಯದು, ಕೋಡ್ ಓದುವುದು. ಡೂಮ್‌ನ ಕೋಡ್ 1997ರ ಡಿಸೆಂಬರ್‌ನಲ್ಲಿ ಸಾರ್ವಜನಿಕವಾಯಿತು. ಯಾರು ಬೇಕಾದರೂ ಓದಬಹುದು.

ಮೂರನೆಯದು ಹಳೆಯ ಬಿಲ್ಡ್‌ಗಳೇ ಸಿಗುವುದು. ಇದಕ್ಕೆ ಅದೃಷ್ಟ ಬೇಕು. 2021ರ ಜನವರಿಯಲ್ಲಿ, ನಿಂಟೆಂಡೊ 64 ಎಂಬ ಆಟದ ಯಂತ್ರದ ಎಫ್-ಜೀರೋ ಎಕ್ಸ್ ಎಂಬ ರೇಸಿಂಗ್ ಆಟ ಇದ್ದ, ತಯಾರಕರು ಕೆಲಸಕ್ಕೆ ಬಳಸುವ ಒಂದು ಕಾರ್ಟ್ರಿಜ್‌ನೊಳಗೆ (ಆಟ ತುಂಬಿದ ಡಬ್ಬಿ) ಜೆಲ್ಡಾ ಆಟದ 1997ರ ಬಿಲ್ಡ್‌ನ ಅರ್ಧ ಭಾಗ ಸಿಕ್ಕಿತು. ಕಾರ್ಟ್ರಿಜ್ ದೊಡ್ಡದು, ರೇಸಿಂಗ್ ಆಟ ಚಿಕ್ಕದು. ಹಳೆಯದರ ಮೇಲೆ ಹೊಸದನ್ನು ಬರೆದಾಗ ಅದು ಅರ್ಧವನ್ನಷ್ಟೇ ಮುಚ್ಚಿತು. ಹಳೆಯ ಕ್ಯಾಸೆಟ್ ಮೇಲೆ ಚಿಕ್ಕ ಹಾಡು ಧ್ವನಿಮುದ್ರಿಸಿದರೆ, ಅದು ಮುಗಿದ ಕೂಡಲೇ ಹಿಂದಿನ ಹಾಡು ನಡುವಿನಿಂದ ಕೇಳಿಸುತ್ತದಲ್ಲ, ಅದೇ ಕಥೆ.

ಕಾಣದ್ದೆಲ್ಲ ಕಿತ್ತುಹಾಕಿದ್ದಲ್ಲ

ಕೊನೆಗೆ ಒಂದು ಎಚ್ಚರ. ವಿಡಿಯೋಗಳಲ್ಲಿ "ತೆಗೆದುಹಾಕಿದ ವಸ್ತು" ಎಂದು ತೋರಿಸುವುದೆಲ್ಲ ಹಾಗಿರುವುದಿಲ್ಲ. ಡೂಮ್‌ನ ಮ್ಯಾಪ್ ತೆರೆದರೆ ನೀವು ಕಂಡೇ ಇರದ ಔಷಧಿ ಪೆಟ್ಟಿಗೆಗಳು ಸಿಗಬಹುದು. ಅಲ್ಲಿ ಪ್ರತಿ ವಸ್ತುವಿಗೂ ಗುರುತು ಹಾಕಿರುತ್ತಾರೆ: ಇದು ಸುಲಭದ ಮಟ್ಟದಲ್ಲಿ ಮಾತ್ರ, ಇದು ಹಲವರು ಸೇರಿ ಆಡುವಾಗ ಮಾತ್ರ, ಹೀಗೆ. ಕಷ್ಟದ ಮಟ್ಟದಲ್ಲಿ ಒಬ್ಬರೇ ಆಡಿದವರಿಗೆ ಅವು ಕಾಣುವುದೇ ಇಲ್ಲ. ಯಾರೂ ಕಿತ್ತಿಲ್ಲ, ಇನ್ನೊಬ್ಬರಿಗೆ ಬಡಿಸಿದ್ದಾರೆ ಅಷ್ಟೆ.

ಬರೀ ಎಡವಟ್ಟಿನಿಂದ ಕಾಣೆಯಾದದ್ದೂ ಉಂಟು. ಡೂಮ್‌ನಲ್ಲಿ ಹೆಲ್ತ್ 25ಕ್ಕಿಂತ ಕೆಳಗಿದ್ದಾಗ ಮೆಡಿಕಿಟ್ ಎತ್ತಿದರೆ "ನಿಮಗೆ ನಿಜವಾಗಿಯೂ ಬೇಕಾಗಿದ್ದ ಮೆಡಿಕಿಟ್ ಸಿಕ್ಕಿತು" ಎನ್ನುವ ವಿಶೇಷ ಸಾಲು ಬರಬೇಕಿತ್ತು. ಬರೆದಿಟ್ಟಿದ್ದಾರೆ, ತೆಗೆದಿಲ್ಲ. ಆದರೆ ಕೋಡ್ ಮೊದಲು 25 ಹೆಲ್ತ್ ಸೇರಿಸಿ, ಆಮೇಲೆ "25ಕ್ಕಿಂತ ಕಡಿಮೆ ಇದೆಯಾ?" ಎಂದು ನೋಡುತ್ತದೆ. ಬದುಕಿರುವವನಿಗೆ ಕನಿಷ್ಠ 1 ಇದ್ದೇ ಇರುತ್ತದೆ, ಸೇರಿಸಿದರೆ 26. ಹಾಗಾಗಿ 1993ರ ಆ ಆಟದಲ್ಲಿ, ಸಾಯುವ ಸ್ಥಿತಿಯಲ್ಲಿ ಎಷ್ಟೇ ಜನ ಎಷ್ಟೇ ಮೆಡಿಕಿಟ್ ಎತ್ತಿದರೂ ಆ ಸಾಲು ಒಬ್ಬರ ಪರದೆಯ ಮೇಲೂ ಮೂಡಲಿಲ್ಲ. ಆಟವನ್ನು ಇಂದಿನ ಕಂಪ್ಯೂಟರುಗಳಿಗೆ ತಂದ ಅಭಿಮಾನಿಗಳಲ್ಲಿ ಕೆಲವರು ಅದನ್ನು ಸರಿಪಡಿಸಿದ್ದಾರೆ, ಅವರ ಆವೃತ್ತಿಗಳಲ್ಲಿ ಕಾಣುತ್ತದೆ.